ವೇಳಾಪಟ್ಟಿಯಲ್ಲಿ ಊಟಕ್ಕೂ ಆಟಕ್ಕೂ ಜಾಗ ಮಾಡುವ ಬಗೆ: ಬೆಂಗಳೂರಿನ ಶಾಲೆಗಳಿಗೊಂದು ಕೈಪಿಡಿ

ಆಗಸ್ಟ್ 29ರಂದು ರಾಷ್ಟ್ರೀಯ ಕ್ರೀಡಾ ದಿನ, ಸೆಪ್ಟೆಂಬರ್‌ನಲ್ಲಿ ಪೋಷಣ ಮಾಸಾಚರಣೆ. ನಮ್ಮ ಶಾಲೆಗಳಲ್ಲಿ ಆಟ ಮತ್ತು ಆಹಾರದ ಕುರಿತ ಭಾಷಣಗಳಿಗೆ, ಬಣ್ಣದ ಚಾರ್ಟುಗಳಿಗೆ ಕೊರತೆಯೇನೂ ಇಲ್ಲ. ಆದರೆ ಕಾರ್ಯಕ್ರಮ ಮುಗಿದ ಮರುದಿನ ಹೋಗಿ ನೋಡಿದರೆ ಊಟದ ಬಿಡುವು ಅದೇ ಇಪ್ಪತ್ತು ನಿಮಿಷ, ಪಿಟಿ ಪೀರಿಯಡ್ಡಿನಲ್ಲಿ ನಡೆಯುತ್ತಿರುವುದು ಅದೇ ಗಣಿತದ ಬಾಕಿ ಪಾಠ, ಗೇಟಿನ ಎದುರಿನ ಅಂಗಡಿಯಲ್ಲಿ ನೇತಾಡುತ್ತಿರುವುದು ಅದೇ ಐದು ರೂಪಾಯಿಯ ಪೊಟ್ಟಣಗಳ ಸರ. ಮಗು ಏನು ತಿನ್ನುತ್ತದೆ, ಎಷ್ಟು ಓಡಾಡುತ್ತದೆ ಎಂಬುದನ್ನು ನಮ್ಮ ಬುದ್ಧಿಮಾತಿಗಿಂತ ಹೆಚ್ಚಾಗಿ ಗಂಟೆ ಹೊಡೆಯುವ ಹೊತ್ತು, ಕೈತೊಳೆಯುವ ನಲ್ಲಿಗಳ ಲೆಕ್ಕ, ಗೇಟಿನಾಚೆ ಸಿಗುವ ತಿಂಡಿ ನಿರ್ಧರಿಸುತ್ತವೆ. ಆದ್ದರಿಂದ ಈ ಕೈಪಿಡಿಯಲ್ಲಿ ಮಕ್ಕಳಿಗೆ ಹೇಳಬೇಕಾದ ಮಾತುಗಳು ಕಡಿಮೆ. ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಖಾಸಗಿ ಶಾಲೆಗಳ ಪಾಲಕರು ಸೇರಿ ಬದಲಿಸಬಹುದಾದ ಏರ್ಪಾಡುಗಳು ಹೆಚ್ಚು.

ಮೊದಲ ವಾರ ಏನನ್ನೂ ಬದಲಿಸಬೇಡಿ

ಸುಧಾರಣೆಗೆ ಹೊರಟವರು ಮೊದಲು ಒಂದು ವಾರ ಸುಮ್ಮನೆ ನೋಡಬೇಕು, ನೋಡಿದ್ದನ್ನು ಬರೆದಿಟ್ಟುಕೊಳ್ಳಬೇಕು. ಊಟದ ನಂತರ ಮಿಕ್ಕಿದ್ದನ್ನು ಒಂದೇ ಬಕೆಟ್ಟಿಗೆ ಸುರಿಸಿ ತೂಗಿಸಿ, ಅದರಲ್ಲಿ ಅನ್ನವೆಷ್ಟು, ಸಾರಿನಿಂದ ಆರಿಸಿ ಬಿಸಾಡಿದ ತರಕಾರಿಯೆಷ್ಟು ಎಂದು ಕಣ್ಣಂದಾಜಿನಲ್ಲಾದರೂ ಗುರುತಿಸಿ. ಡಬ್ಬಿ ತರುವ ಶಾಲೆಯಾದರೆ ಯಾವ ಮಗು ಏನು ತಂದಿದೆ ಎಂದು ಹೆಸರು ಹಿಡಿದು ಬರೆಯುವುದು ಬೇಡ. ಇಡೀ ತರಗತಿಯಲ್ಲಿ ಎಷ್ಟು ಡಬ್ಬಿಗಳಲ್ಲಿ ಕಾಳು, ಮೊಟ್ಟೆ, ಮೊಸರು, ತರಕಾರಿ, ಹಣ್ಣು ಇದ್ದವು, ಎಷ್ಟರಲ್ಲಿ ಬರೀ ಬಿಸ್ಕತ್ತು, ನೂಡಲ್ಸ್ ಅಥವಾ ಬೇಕರಿಯ ಪಫ್ಸ್ ಇತ್ತು ಎಂಬ ಒಟ್ಟು ಲೆಕ್ಕ ಸಾಕು.

ಆಟದ ಲೆಕ್ಕ ಇದಕ್ಕಿಂತ ಸ್ವಾರಸ್ಯಕರ. ನಲವತ್ತು ನಿಮಿಷದ ಪಿಟಿ ಪೀರಿಯಡ್ಡಿನಲ್ಲಿ ಯಾವುದಾದರೂ ಒಂದು ಮಗುವನ್ನು ಮನಸ್ಸಿನಲ್ಲೇ ಆರಿಸಿಕೊಂಡು, ಅದು ನಿಜವಾಗಿ ಮೈ ಆಡಿಸುತ್ತಿರುವಾಗ ಮಾತ್ರ ಗಡಿಯಾರ ಓಡಿಸಿ. ಮೆಟ್ಟಿಲಿಳಿದು ಸಾಲಾಗಿ ನಿಲ್ಲುವುದಕ್ಕೆ ಏಳೆಂಟು ನಿಮಿಷ, ಹಾಜರಿಗೆ ಒಂದಿಷ್ಟು, ಚೆಂಡು ತರಲು ಹೋದವನು ಬರುವ ತನಕ ಇನ್ನೊಂದಿಷ್ಟು. ಆಮೇಲೆ ಕ್ರಿಕೆಟ್ ಶುರುವಾದರೆ ಒಬ್ಬ ಬ್ಯಾಟು ಬೀಸುತ್ತಾನೆ, ಒಬ್ಬ ಚೆಂಡೆಸೆಯುತ್ತಾನೆ, ಉಳಿದವರು ನಿಂತು ಹರಟುತ್ತಾರೆ. ನಾನು ಹೀಗೆ ಲೆಕ್ಕ ಹಾಕಿದಾಗಲೆಲ್ಲ ಮಗುವಿನ ಪಾಲಿಗೆ ಹತ್ತು ನಿಮಿಷದ ಓಡಾಟ ದಕ್ಕಿದ್ದು ಅಪರೂಪ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಚಟುವಟಿಕೆ ಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಗೊಳಿಸುವ ಜಿಗಿತ, ಹತ್ತುವಿಕೆಯಂಥವು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಂಜೆ ಮನೆಗೆ ಹೋದ ಮೇಲೆ ಟ್ಯೂಷನ್, ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿಂಗ್‌ನಲ್ಲಿ ಆಡಬೇಡಿರೆಂಬ ಗದರಿಕೆ ಇರುವ ಊರಿನಲ್ಲಿ ಈ ಅರುವತ್ತರಲ್ಲಿ ಅರ್ಧವನ್ನಾದರೂ ಶಾಲೆಯೇ ಒದಗಿಸದಿದ್ದರೆ ಅದು ಬೇರೆಲ್ಲೂ ಸಿಗುವುದಿಲ್ಲ.

ಊಟಕ್ಕೆ ಮೊದಲು ಆಟ

ಬದಲಾವಣೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನನ್ನ ಉತ್ತರ ಮಧ್ಯಾಹ್ನದ ಗಂಟೆಯಿಂದ ಎಂಬುದು. ಬಹುತೇಕ ಶಾಲೆಗಳಲ್ಲಿ ಊಟ ಮುಗಿಸಿದವರು ಆಡಬಹುದು ಎಂಬ ಪದ್ಧತಿಯಿರುವುದರಿಂದ ಮಕ್ಕಳು ನಾಲ್ಕು ತುತ್ತು ನುಂಗಿ, ಉಳಿದದ್ದನ್ನು ಚೆಲ್ಲಿ ಅಂಗಳಕ್ಕೆ ಓಡುತ್ತಾರೆ; ತಟ್ಟೆಯಲ್ಲಿ ಮೊದಲು ಉಳಿಯುವುದು ಅಗಿಯಲು ಹೊತ್ತು ಬೇಕಾದ ತರಕಾರಿ ಮತ್ತು ಕಾಳು. ಇದನ್ನು ತಿರುವುಮುರುವಾಗಿಸಿ, ಮೊದಲ ಹದಿನೈದು ಇಪ್ಪತ್ತು ನಿಮಿಷ ಆಟ, ನಂತರ ಐದು ನಿಮಿಷ ಕೈತೊಳೆಯುವುದು, ಆಮೇಲೆ ಕುಳಿತು ಇಪ್ಪತ್ತೈದು ನಿಮಿಷ ಊಟ ಎಂದು ಮಾಡಿದರೆ ಮಕ್ಕಳು ಹಸಿದು ಬರುತ್ತಾರೆ, ಎದ್ದು ಓಡುವ ಆತುರವೂ ಇರುವುದಿಲ್ಲ. ಖರ್ಚಿಲ್ಲದ ಸುಧಾರಣೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಇದಕ್ಕೆ ಅಡ್ಡಿಯಾಗುವುದು ನಲ್ಲಿಗಳ ಕೊರತೆಯೊಂದೇ: ಮುನ್ನೂರು ಮಕ್ಕಳಿಗೆ ನಾಲ್ಕು ನಲ್ಲಿಯಿದ್ದರೆ ಐದು ನಿಮಿಷದಲ್ಲಿ ಕೈತೊಳೆಯುವುದು ಆಗದ ಮಾತು. ತೂತು ಕೊರೆದ ಉದ್ದನೆಯ ಪಿವಿಸಿ ಕೊಳವೆಯೊಂದನ್ನು ಗೋಡೆಗುಂಟ ಅಳವಡಿಸಿದರೆ ಹತ್ತು ಹದಿನೈದು ಮಕ್ಕಳು ಒಟ್ಟಿಗೆ ಕೈತೊಳೆಯಬಹುದು. ಅದರ ನೀರನ್ನು ಕೈತೋಟಕ್ಕೆ ಹರಿಸಿದರೆ ನೀರಿಗೆ ತತ್ವಾರವಿರುವ ಬಡಾವಣೆಗಳಲ್ಲೂ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ಬಿಸಿಯೂಟದ ಶಾಲೆಗಳಲ್ಲಿ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ದೊಡ್ಡ ಅನುಕೂಲವಿದೆ: ಮಕ್ಕಳೆಲ್ಲ ಒಂದೇ ಊಟ ಮಾಡುತ್ತಾರೆ. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಈಗ ಕೇಂದ್ರದ ಪಿಎಂ ಪೋಷಣ್ ಯೋಜನೆಯ ಅಳತೆಗಳನ್ನು ಅನುಸರಿಸುತ್ತದೆ. ಅದರ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ ಊಟವೊಂದರಲ್ಲಿ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಆರರಿಂದ ಎಂಟರವರೆಗಿನವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಸಿಗಬೇಕು. ಚಿಕ್ಕವರಿಗೆ 20 ಗ್ರಾಂ ಬೇಳೆ ಹಾಗೂ 50 ಗ್ರಾಂ ತರಕಾರಿ, ದೊಡ್ಡವರಿಗೆ 30 ಗ್ರಾಂ ಬೇಳೆ ಹಾಗೂ 75 ಗ್ರಾಂ ತರಕಾರಿ. ಈ ಅಂಕಿಗಳನ್ನು ಗೋಡೆಯ ಮೇಲೆ ಬರೆಸುವುದರಿಂದ ಹೆಚ್ಚೇನೂ ಆಗದು. ನೂರು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ ಐದು ಕಿಲೋ ತರಕಾರಿ, ಎರಡು ಕಿಲೋ ಬೇಳೆ ಬೇಕು ಎಂದು ಲೆಕ್ಕ ಬಿಡಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಎಸ್‌ಡಿಎಂಸಿಯ ತಾಯಂದಿರಿಗೆ ಕಿಲೋ ಲೆಕ್ಕ ತಿಳಿಯುತ್ತದೆ, ಕ್ಯಾಲೊರಿಯ ಲೆಕ್ಕ ತಿಳಿಯಬೇಕಾಗಿಯೂ ಇಲ್ಲ.

ಶಾಲೆಗಳಿಗೆ ಬಿಸಿಯೂಟ ಪೂರೈಸುವ ಅಕ್ಷಯ ಪಾತ್ರ ಸಂಸ್ಥೆ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳೊಂದಿಗೆ ಕೆಲಸ ಆರಂಭಿಸಿದ್ದು ಇದೇ ಊರಿನಲ್ಲಿ. ಹೀಗೆ ದೊಡ್ಡ ಅಡುಗೆಮನೆಯಿಂದ ಊಟ ಬರುವ ಶಾಲೆಗಳಲ್ಲಿ ಅಡುಗೆಯ ಮೇಲೆ ಹಿಡಿತವಿಲ್ಲದಿದ್ದರೂ ಬಡಿಸುವುದರ ಮೇಲೆ ಇರುತ್ತದೆ. ಸಾಂಬಾರಿನ ಪಾತ್ರೆಯಲ್ಲಿ ಬೇಳೆ ಮತ್ತು ತರಕಾರಿ ತಳಕ್ಕಿಳಿದಿರುತ್ತವೆ. ಮೇಲಿನಿಂದ ಸೌಟು ಹಾಕಿ ಬಡಿಸುತ್ತ ಹೋದರೆ ಸಾಲಿನ ಮುಂದಿರುವ ಪುಟ್ಟ ಮಕ್ಕಳಿಗೆ ತಿಳಿನೀರು, ಕೊನೆಯಲ್ಲಿ ಬರುವ ದೊಡ್ಡವರಿಗೆ ಗಟ್ಟಿ. ಪ್ರತಿ ಹತ್ತು ತಟ್ಟೆಗೊಮ್ಮೆ ತಳಮುಟ್ಟ ಕಲಕಿ ಬಡಿಸಬೇಕೆಂಬ ಒಂದು ಸೂಚನೆ ಅದೆಷ್ಟೋ ಉಪನ್ಯಾಸಗಳಿಗಿಂತ ಮೇಲು. ಒಬ್ಬ ಶಿಕ್ಷಕರೂ ಸೇರಿದಂತೆ ಹಿರಿಯರು ರುಚಿ ನೋಡಿದ ಮೇಲೆಯೇ ಮಕ್ಕಳಿಗೆ ಬಡಿಸಬೇಕೆಂಬ ನಿಯಮವಿದೆಯಷ್ಟೆ. ರುಚಿ ನೋಡುವುದಕ್ಕೇ ನಿಲ್ಲದೆ ವಾರಕ್ಕೆರಡು ಸಲ ಶಿಕ್ಷಕರು ಮಕ್ಕಳ ಪಂಕ್ತಿಯಲ್ಲೇ ಕುಳಿತು ಉಂಡರೆ ಅಡುಗೆಯ ಗುಣಮಟ್ಟ ತಾನಾಗಿಯೇ ಸುಧಾರಿಸುತ್ತದೆ.

ಸೊಪ್ಪಿನ ವಿಷಯದಲ್ಲಿ ಮಕ್ಕಳೊಂದಿಗೆ ಜಗ್ಗಾಡುವುದಕ್ಕಿಂತ ಜಾಣತನ ವಾಸಿ. ಬೇಳೆಯೊಡನೆ ಬೇಯಿಸಿ ಮಸೆದ ಮಸ್ಸೊಪ್ಪಿನಲ್ಲಿ ಆರಿಸಿ ಎಸೆಯಲು ಏನೂ ಉಳಿಯುವುದಿಲ್ಲ. ನುಗ್ಗೆಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಸಾಂಬಾರಿಗೆ ಸೇರಿಸಬಹುದು. ಶಾಲೆಯ ಹಿಂಬದಿಯಲ್ಲಿ ಒಂದು ನುಗ್ಗೆಗಿಡ, ಒಂದು ಕರಿಬೇವು, ಒಂದು ಪರಂಗಿ, ಹತ್ತು ಗ್ರೋ ಬ್ಯಾಗುಗಳಲ್ಲಿ ದಂಟು ಮತ್ತು ಮೆಂತ್ಯ ಇದ್ದರೆ, ತಾವೇ ನೀರೆರೆದ ಸೊಪ್ಪನ್ನು ಮಕ್ಕಳು ತಿನ್ನುವ ರೀತಿಯೇ ಬೇರೆ.

ಹಾಲು, ರಾಗಿ, ಮೊಟ್ಟೆ ಈಗ ಊಟದ ಜೊತೆಗೂಡಿವೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಡಿ ಪ್ರತಿ ಮಗುವಿಗೆ 18 ಗ್ರಾಂ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು, 2024ರಿಂದ ಅದಕ್ಕೆ ರಾಗಿ ಮಾಲ್ಟ್. ಅದೇ ವರ್ಷದಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ಮೊಟ್ಟೆಯ ವಿತರಣೆ ವಾರಕ್ಕೆ ಆರು ದಿನಕ್ಕೇರಿತು, ತಿನ್ನದವರಿಗೆ ಬಾಳೆಹಣ್ಣು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇರುವುದರಿಂದ ಮೂಳೆ ಬೆಳೆಯುವ ವಯಸ್ಸಿಗೆ ಇದು ಹೇಳಿಮಾಡಿಸಿದ್ದು. ಗಾರ್ಮೆಂಟ್ಸ್ ಪಾಳಿಗೋ ಮನೆಗೆಲಸಕ್ಕೋ ತಾಯಿ ಬೆಳಿಗ್ಗೆ ಆರಕ್ಕೇ ಹೊರಡುವ ಮನೆಗಳಲ್ಲಿ ಮಗು ಖಾಲಿ ಹೊಟ್ಟೆಯಲ್ಲೋ ಒಂದು ಲೋಟ ಕಾಫಿಯಲ್ಲೋ ಶಾಲೆಗೆ ಬರುವುದುಂಟು. ಆದ್ದರಿಂದ ಈ ಹಾಲನ್ನು ಹನ್ನೊಂದರ ಬಿಡುವಿಗೆ ಮುಂದೂಡದೆ ಪ್ರಾರ್ಥನೆ ಮುಗಿದೊಡನೆ ಕೊಡುವುದು ಸೂಕ್ತ. ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವ ಮಗುವಿಗೆ ಬಿಸಿಲಿನ ಕಾರಣ ಹೇಳುವ ಮೊದಲು ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕು.

ರಕ್ತಹೀನತೆಯ ಮಾತೂ ಇಲ್ಲಿಯೇ ಸೇರುತ್ತದೆ. ಸರ್ಕಾರದ ಕಾರ್ಯಕ್ರಮದಡಿ ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಅಂದರೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಐದರಿಂದ ಒಂಬತ್ತರವರಿಗೆ 45 ಮಿಲಿಗ್ರಾಂ ಕಬ್ಬಿಣದ ಗುಲಾಬಿ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ನುಂಗಿದ ಒಬ್ಬಳು ವಾಂತಿ ಮಾಡಿದರೆ ಮರುವಾರ ಇಡೀ ತರಗತಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ, ಹಾಗಾಗಿ ಊಟದ ನಂತರವೇ, ಶಿಕ್ಷಕರ ಎದುರಿನಲ್ಲೇ ಕೊಡಬೇಕು. ಮಲ ಕಪ್ಪಾಗುವುದು ಸಹಜವೆಂದು ಮೊದಲೇ ಹೇಳಿದರೆ ಮನೆಯವರು ಗಾಬರಿಯಾಗುವುದಿಲ್ಲ. ಊಟದೊಡನೆ ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ, ಊಟವಾದೊಡನೆ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ.

ಡಬ್ಬಿ ತರುವ ಶಾಲೆಗಳಲ್ಲಿ

ಖಾಸಗಿ ಶಾಲೆಗಳ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಶಾಲೆಗಳು ಸಾಮಾನ್ಯವಾಗಿ ಮಾಡುವ ತಪ್ಪು ನಿಷೇಧಗಳ ಉದ್ದ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ, ಡಬ್ಬಿಯಲ್ಲಿ ಅದು ಸಿಕ್ಕ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು. ಡಬ್ಬಿ ಕಟ್ಟಿದ್ದು ಮಗುವಲ್ಲ. ಬೆಳಿಗ್ಗೆ ಏಳೂಕಾಲಿಗೆ ಶಾಲೆಯ ವ್ಯಾನು ಬಂದು ಹಾರನ್ ಹೊಡೆಯುವ ಮನೆಯಲ್ಲಿ ಏನು ಸಾಧ್ಯವೋ ಅದನ್ನೇ ಕೇಳಬೇಕು: ಈಗ ಕಟ್ಟುತ್ತಿರುವ ಚಿತ್ರಾನ್ನವನ್ನೇ ಕಟ್ಟಲಿ, ಅದರಲ್ಲಿ ಕಡಲೆಬೀಜ ಎರಡು ಹಿಡಿಯಾಗಲಿ, ಕ್ಯಾರೆಟ್ ತುರಿ ಬೀಳಲಿ, ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು, ದೋಸೆಹಿಟ್ಟಿಗೆ ಒಂದು ಹಿಡಿ ಹೆಸರುಕಾಳು, ಅವರೆಕಾಯಿ ಕಾಲದಲ್ಲಿ ಉಪ್ಪಿಟ್ಟಿಗೆ ಅವರೆಕಾಳು. ಬೆಳಗಿನ ಅವಸರದಲ್ಲಿ ಪಲ್ಯವಾಗದಿದ್ದರೆ ಚಿಕ್ಕ ಡಬ್ಬಿಯಲ್ಲಿ ಸೌತೆಕಾಯಿ ಹೋಳು ಅಥವಾ ಒಂದು ಬಾಳೆಹಣ್ಣು ಸಾಕು. ಕಾಳೋ ಮೊಟ್ಟೆಯೋ ಮೊಸರೋ ಒಂದು, ತರಕಾರಿಯೋ ಹಣ್ಣೋ ಒಂದು, ಇಷ್ಟು ಇದ್ದರೆ ಉಳಿದದ್ದು ಮನೆಯವರ ಇಷ್ಟ ಎಂಬ ಎರಡೇ ಸಾಲಿನ ನಿಯಮ ಪಾಲನೆಯಾಗುತ್ತದೆ, ಎರಡು ಪುಟದ್ದು ಆಗುವುದಿಲ್ಲ. ಕಡಲೆಬೀಜದ ಅಲರ್ಜಿಯಿರುವ ಮಗು ತರಗತಿಯಲ್ಲಿದ್ದರೆ ಆ ತರಗತಿಯ ಮಟ್ಟಿಗೆ ನಿಯಮ ಬದಲಾಗಬೇಕೆಂಬುದನ್ನು ಮರೆಯಬಾರದು.

ಡಬ್ಬಿಯಲ್ಲಿ ಮೊಟ್ಟೆಯನ್ನೂ ತರಬಾರದೆಂಬ ಶಾಲೆಗಳು ಊರಿನಲ್ಲಿವೆ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಉತ್ತಮ ಪ್ರೋಟೀನ್ ಇದೆ, ಅಷ್ಟು ಅಗ್ಗವಾಗಿ ಅದನ್ನು ಕೊಡುವ ಬೇರೆ ಪದಾರ್ಥ ಹುಡುಕುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಈ ನಿಯಮವನ್ನು ಪಾಲಕರ ಸಭೆಯಲ್ಲಿಟ್ಟು ಮರುಪರಿಶೀಲಿಸುವುದೇ ಸರಿ.

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ರೂಢಿಯನ್ನು ಬದಲಿಸುವುದು ಸುಲಭ. ನಲವತ್ತು ಮಕ್ಕಳ ತರಗತಿಯಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹುಟ್ಟುಹಬ್ಬ ಬರುತ್ತದೆ. ಹಾಪ್‌ಕಾಮ್ಸ್ ಮಳಿಗೆಯಿಂದ ಆ ಕಾಲದ ಹಣ್ಣೊಂದನ್ನು ತರಿಸಿದರೆ ವರ್ಷದಲ್ಲಿ ಮಕ್ಕಳು ಸೀತಾಫಲ, ನೇರಳೆ, ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿಯ ಚಕ್ಕೋತ ಎಲ್ಲದರ ರುಚಿಯನ್ನೂ ಕಾಣುತ್ತಾರೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ ನಡೆಯುವ ವಾರವಂತೂ ಬೇಯಿಸಿದ ಕಡಲೆಕಾಯಿಗೆ ಮೀಸಲಾಗಲಿ.

ಗೇಟಿನಾಚೆಯ ಐವತ್ತು ಮೀಟರ್

ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಅಂತರದೊಳಗೆ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಕಾನೂನು ಕೈಯಲ್ಲಿದೆಯೆಂದು ದೂರು ಬರೆದು ತಳ್ಳುಗಾಡಿಯವರನ್ನು ಎಬ್ಬಿಸಿದರೆ ಅವರು ಮುಂದಿನ ತಿರುವಿನಲ್ಲಿ ನಿಲ್ಲುತ್ತಾರೆ, ಮಕ್ಕಳು ರಸ್ತೆ ದಾಟಿ ಅಲ್ಲಿಗೇ ಹೋಗುತ್ತಾರೆ. ಅವರನ್ನು ಕರೆದು ಮಾತನಾಡಿ, ಬೇಯಿಸಿದ ಜೋಳ, ಕಡಲೆಕಾಯಿ, ಉಪ್ಪುಖಾರ ಹಚ್ಚಿದ ಸೀಬೆಕಾಯಿ, ಸೌತೆಕಾಯಿ, ಚುರುಮುರಿಯನ್ನು ಮುಚ್ಚಿಟ್ಟು ಶುಚಿಯಾಗಿ ಮಾರುವುದಾದರೆ ಗೇಟಿನ ಬಳಿಯೇ ನಿಲ್ಲಲು ಶಾಲೆಯ ತಕರಾರಿಲ್ಲ ಎಂದು ಒಪ್ಪಂದ ಮಾಡಿಕೊಳ್ಳುವುದು ಹೆಚ್ಚು ಬಾಳಿಕೆ ಬರುತ್ತದೆ.

ಶಾಲೆಯಲ್ಲೇ ಕ್ಯಾಂಟೀನ್ ಇದ್ದರೆ ಬಿಸಿ ಇಡ್ಲಿ ಮತ್ತು ಹಣ್ಣು ಕಣ್ಣಿನ ಮಟ್ಟದಲ್ಲಿರಲಿ, ಪಫ್ಸ್‌ಗಿಂತ ಅಗ್ಗವಾಗಿರಲಿ. ತನ್ನ ಶಾಲೆಗಳಲ್ಲಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಿಳಿಸುವ ‘ಸಕ್ಕರೆ ಫಲಕ’ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ಸೂಚಿಸಿತು. ಬೇರೆ ಶಾಲೆಗಳೂ ಇದನ್ನು ಅನುಸರಿಸಬಹುದು, ಆದರೆ ಗ್ರಾಂಗಳನ್ನು ಬರೆಯುವ ಬದಲು ಸಕ್ಕರೆಯನ್ನೇ ತೋರಿಸಿ. ಸಕ್ಕರೆಯಿಂದ ಬರುವ ಕ್ಯಾಲೊರಿ ದಿನದ ಒಟ್ಟಿನ ಶೇಕಡ 10ಕ್ಕಿಂತ ಕಡಿಮೆಯಿರಬೇಕು, ಶೇಕಡ 5ಕ್ಕಿಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 1,500 ಕ್ಯಾಲೊರಿ ಬೇಕಾದ ಮಗುವಿಗೆ ಶೇಕಡ 5 ಎಂದರೆ 19 ಗ್ರಾಂ. 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲೇ ಸುಮಾರು 26 ಗ್ರಾಂ ಇರುತ್ತದೆ. ಅಷ್ಟು ಸಕ್ಕರೆಯನ್ನು ಮಕ್ಕಳ ಕೈಯಲ್ಲೇ ಅಳೆಸಿ ಖಾಲಿ ಬಾಟಲಿಗೆ ತುಂಬಿಸಿಟ್ಟರೆ ಫಲಕದ ಅಗತ್ಯವೇ ಬೀಳದು.

ಮೈದಾನವಿಲ್ಲದ ಶಾಲೆಯಲ್ಲಿ ಆಟ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಸೇರಿದೆ. ಹಾಗಿದ್ದೂ ಮೂವತ್ತು-ನಲವತ್ತರ ಎರಡು ಸೈಟುಗಳ ಮೇಲೆ ಮೂರಂತಸ್ತು ಎದ್ದಿರುವ ಶಾಲೆಗಳು ಬೆಂಗಳೂರಿನ ಯಾವ ಬಡಾವಣೆಯಲ್ಲೂ ಸಿಗುತ್ತವೆ. ಇಂಥಲ್ಲಿ ಫುಟ್‌ಬಾಲ್, ಕ್ರಿಕೆಟ್‌ಗಳ ಆಸೆಯನ್ನು ಬಿಟ್ಟು ಜಾಗ ಬೇಡದ, ಸರದಿ ಕಾಯಬೇಕಿಲ್ಲದ ಆಟಗಳನ್ನು ಆರಿಸಿಕೊಳ್ಳಬೇಕು. ಒಂದು ಗೆರೆ ಎಳೆದು ‘ಕೆರೆ’ ಎಂದಾಗ ಆಚೆಗೆ, ‘ದಡ’ ಎಂದಾಗ ಈಚೆಗೆ ಜಿಗಿಯುವ ಕೆರೆ-ದಡ ಆಟಕ್ಕೆ ಒಂದು ಮೊಗಸಾಲೆ ಸಾಕು, ನಲವತ್ತು ಮಕ್ಕಳೂ ಒಟ್ಟಿಗೆ ಜಿಗಿಯುತ್ತಾರೆ. ಐದು ನಿಮಿಷಕ್ಕೆ ಎಲ್ಲರೂ ಏದುಸಿರು ಬಿಡುತ್ತಾರೆ. ಕುಂಟೆಬಿಲ್ಲೆಯ ಅಂಕಣಗಳನ್ನು ಬಣ್ಣದಲ್ಲಿ ನಾಲ್ಕೈದು ಕಡೆ ಬರೆಸಿಟ್ಟರೆ ಮಕ್ಕಳು ಬಿಡುವು ಸಿಕ್ಕಾಗಲೆಲ್ಲ ತಾವಾಗಿಯೇ ಕುಂಟುತ್ತಾರೆ. ಹಗ್ಗದಾಟ, ಲಗೋರಿ, ಸಣ್ಣ ಅಂಕಣದ ಕಬಡ್ಡಿ ಇವೆಲ್ಲ ಮೇಲೆ ಹೇಳಿದ ಮೂಳೆ ಗಟ್ಟಿಗೊಳಿಸುವ ಚಟುವಟಿಕೆಗಳೇ. ಆಟದಲ್ಲಿ ಔಟಾದವರನ್ನು ಕೂರಿಸುವ ಪದ್ಧತಿಯನ್ನು ಮಾತ್ರ ಬಿಡಬೇಕು, ಏಕೆಂದರೆ ಮೊದಲು ಔಟಾಗುವುದು ಯಾವಾಗಲೂ ಓಡಾಟ ಹೆಚ್ಚು ಬೇಕಾಗಿರುವ ಮಗುವೇ. ಔಟಾದವರು ಹತ್ತು ಸಲ ಜಿಗಿದು ಮತ್ತೆ ಒಳಗೆ ಬರಲಿ.

ತಾರಸಿಯನ್ನು ಬಳಸುವುದಾದರೆ ಎದೆಮಟ್ಟದ ಗೋಡೆಯ ಮೇಲೆ ಬಲೆ ಕಡ್ಡಾಯ. ಸಮೀಪದಲ್ಲಿ ಪಾಲಿಕೆಯ ಆಟದ ಮೈದಾನವಿದ್ದರೆ, ಅದು ಖಾಲಿಯಿರುವ ಹಗಲಿನ ಹೊತ್ತಿನಲ್ಲಿ ವಾರಕ್ಕೆರಡು ಗಂಟೆ ಬಳಸಲು ಲಿಖಿತ ಅನುಮತಿ ಕೇಳಿ. ದಾರಿಯಲ್ಲಿ ಸಾಲಿನ ಮುಂದೊಬ್ಬರು, ಹಿಂದೊಬ್ಬರು ಇರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯಿಂದ ಪೀರಿಯಡ್ಡುಗಳು ಕೈತಪ್ಪುವುದರಿಂದ ಒಳಾಂಗಣದಲ್ಲಿ ಆಡಿಸಬಹುದಾದ ಹತ್ತು ಚಟುವಟಿಕೆಗಳನ್ನು ಪಿಟಿ ಮೇಷ್ಟ್ರು ಮೊದಲೇ ಬರೆದಿಟ್ಟಿರಬೇಕು. ಬಸ್ಸು ವ್ಯಾನುಗಳು ಗೇಟಿನೆದುರು ಹೊಗೆಯುಗುಳುತ್ತ ನಿಂತಿರುವ ಹೊತ್ತಿನಲ್ಲಿ ರಸ್ತೆಬದಿಯ ಅಂಗಳದಲ್ಲಿ ಓಡಿಸುವುದು ಬೇಡ. ಉಬ್ಬಸವಿರುವ ಮಕ್ಕಳ ಇನ್ಹೇಲರ್ ಎಲ್ಲಿದೆಯೆಂದು ಮೇಷ್ಟ್ರಿಗೆ ತಿಳಿದಿರಬೇಕು.

ಏಳನೆಯ ತರಗತಿ ದಾಟುವಾಗ ಹುಡುಗಿಯರು ಆಟದಿಂದ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ. ನಾಚಿಕೆ ಎಂದು ಇದಕ್ಕೆ ಹೆಸರಿಡುವುದು ಸುಲಭ, ಆದರೆ ಕಾರಣ ಹಲವು ಸಲ ಲಂಗದ ಸಮವಸ್ತ್ರ, ಬಟ್ಟೆ ಬದಲಿಸಲು ಜಾಗವಿಲ್ಲದಿರುವುದು, ಶೌಚಾಲಯದಲ್ಲಿ ನೀರಿಲ್ಲದಿರುವುದು, ಇಡೀ ಅಂಗಳವನ್ನು ಹುಡುಗರ ಕ್ರಿಕೆಟ್ ಆಕ್ರಮಿಸುವುದು. ಪಿಟಿ ಇರುವ ದಿನ ಟ್ರ್ಯಾಕ್ ಪ್ಯಾಂಟಿನಲ್ಲೇ ಬರಲು ಎಲ್ಲರಿಗೂ ಅವಕಾಶ ಕೊಡುವುದು ಮತ್ತು ವಾರದಲ್ಲಿ ಎರಡು ದಿನ ಅಂಗಳವನ್ನು ಹುಡುಗಿಯರಿಗೆ ಮೊದಲು ಬಿಟ್ಟುಕೊಡುವುದು ಎಂಬ ಎರಡೇ ಕ್ರಮಗಳಿಂದ ದೃಶ್ಯ ಎಷ್ಟು ಬದಲಾಗುತ್ತದೆಂಬುದನ್ನು ಕಂಡೇ ನಂಬಬೇಕು. ಗಾಲಿಕುರ್ಚಿಯ ಮಗುವಿಗೆ ಅಂಕ ಬರೆಯುವ ಕೆಲಸ ಕೊಟ್ಟು ಕೈತೊಳೆದುಕೊಳ್ಳದೆ, ಕುಳಿತೇ ಚೆಂಡೆಸೆಯುವ ಆಟಗಳನ್ನು ಎಲ್ಲರಿಗೂ ಆಡಿಸಬೇಕು. ಶಿಕ್ಷೆಯಾಗಿ ಮೈದಾನ ಸುತ್ತಿಸುವುದು, ಶಿಕ್ಷೆಯಾಗಿ ಪಿಟಿ ತಪ್ಪಿಸುವುದು ಎರಡೂ ನಿಲ್ಲಬೇಕು.

ಅಳೆಯುವುದು ಹೇಗೆ

ವರ್ಷಕ್ಕೆರಡು ಸಲ ಎತ್ತರ ಮತ್ತು ತೂಕವನ್ನು ಪರದೆಯ ಹಿಂದೆ, ಒಬ್ಬೊಬ್ಬರದಾಗಿ ನೋಡಿ ಪಾಲಕರಿಗೆ ಮಾತ್ರ ತಿಳಿಸಬೇಕು. ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿದ ಒಂದು ಬೆಳಿಗ್ಗೆ ಒಂದು ಮಗುವಿಗೆ ಅಡ್ಡಹೆಸರಾಗಿ ಹತ್ತನೆಯ ತರಗತಿಯವರೆಗೂ ಉಳಿಯುತ್ತದೆ. ಕೇಂದ್ರದ ಖೇಲೋ ಇಂಡಿಯಾ ಯೋಜನೆಯ ದೈಹಿಕ ಕ್ಷಮತೆಯ ಪರೀಕ್ಷೆಗಳು ಬಳಸಲು ಸುಲಭವಾಗಿವೆ: ಚಿಕ್ಕವರಿಗೆ ಒಂಟಿಕಾಲಿನ ಸಮತೋಲನ ಮತ್ತು ಎರಡು ಬಿಲ್ಲೆಗಳನ್ನು ಒಂದಾದ ಮೇಲೊಂದರಂತೆ ಬೇಗಬೇಗ ಕೈಯಿಂದ ತಟ್ಟುವ ಪರೀಕ್ಷೆ, ಒಂಬತ್ತು ದಾಟಿದವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಬಾಗುವುದು ಇತ್ಯಾದಿ. ಮಗುವಿನ ಜುಲೈ ತಿಂಗಳ ಅಂಕಿಯನ್ನು ಅದೇ ಮಗುವಿನ ಜನವರಿಯ ಅಂಕಿಯೊಂದಿಗೆ ಹೋಲಿಸಿ, ಪಕ್ಕದ ಮಗುವಿನದರೊಂದಿಗೆ ಬೇಡ. ಬಕೆಟ್ಟಿನ ತೂಕವನ್ನು ತಿಂಗಳಿಗೊಂದು ವಾರ ಮತ್ತೆ ನೋಡುತ್ತಿದ್ದರೆ ಊಟದ ಸ್ಥಿತಿ ತಿಳಿಯುತ್ತದೆ.

ಪಿಟಿ ಪೀರಿಯಡ್ಡಿಗೆ ಮಾತ್ರ ಬೇರೆಯೇ ಒಂದು ಪುಸ್ತಕ ಬೇಕು. ಗಣಿತದವರಾಗಲಿ ವಿಜ್ಞಾನದವರಾಗಲಿ ಆ ಪೀರಿಯಡ್ಡನ್ನು ತೆಗೆದುಕೊಂಡರೆ ತಾರೀಖು ಬರೆದು ಸಹಿ ಹಾಕಬೇಕು, ಅದೇ ವಾರದಲ್ಲಿ ತಮ್ಮ ಒಂದು ಪೀರಿಯಡ್ಡನ್ನು ಹಿಂದಿರುಗಿಸಬೇಕು. ಸಾಲ ಬರವಣಿಗೆಗೆ ಬಂದ ಮೇಲೆ ಕೇಳುವವರು ಕಡಿಮೆಯಾಗುತ್ತಾರೆ. ವೇಳಾಪಟ್ಟಿ ಸಿದ್ಧವಾಗುವುದು ಮೇ ಕೊನೆಯ ವಾರದಲ್ಲಿ, ಶಾಲೆ ತೆರೆಯುವ ಮುಂಚೆ. ಖಾಲಿ ಹಾಳೆಯಲ್ಲಿ ಪಿಟಿ ಪೀರಿಯಡ್ಡುಗಳನ್ನೂ ಊಟದ ಹೊತ್ತನ್ನೂ ಮೊದಲು ಬರೆದು, ಉಳಿದ ಚೌಕಗಳಲ್ಲಿ ಬೇರೆ ವಿಷಯಗಳನ್ನು ತುಂಬಲು ಅಂದೇ ಕುಳಿತುಕೊಳ್ಳಿ.